ಭರತಾಗಮನದ ಗುಹ: ಅನುಮಾನಿಸುವವರೆಲ್ಲ ದಡ್ಡರೇ?

ಪ್ರಶ್ನೆ: ಪಯಸ್ವಿನಿ ದಡ (ಸುಳ್ಯ)

ಈ ಆಟಿ ತಿಂಗಳಲ್ಲಿ ನಮ್ಮ ಹವ್ಯಾಸಿ ತಾಳಮದ್ದಳೆ ಕೂಟ (ವೇಷ, ಕುಣಿತವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ) ‘ಭರತಾಗಮನ’ ಇಟ್ಟುಕೊಂಡಿದೆ, ಕಾಡಿಗೆ ಹೋದ ರಾಮನನ್ನು ಕರೆತರಲು ಭರತ ಹೊರಡುವ ಪ್ರಸಂಗ. ನನ್ನ ಪಾಲಿಗೆ ಬಂದದ್ದು ಗುಹ, ಗಂಗೆಯ ದಡದ ನಿಷಾದರ ಒಡೆಯ, ರಾಮನ ಗೆಳೆಯ. ಪಾತ್ರ ಚಿಕ್ಕದೆಂಬ ಬೇಸರ ನನಗಿಲ್ಲ. ಆ ಪಾತ್ರದ ಅರ್ಥವನ್ನು, ಅಂದರೆ ಪದ್ಯದ ಮೇಲೆ ಪಾತ್ರವಾಗಿ ಆಡುವ ಮಾತನ್ನು, ಸಾಮಾನ್ಯವಾಗಿ ಹೇಳುವ ರೀತಿಯ ಬಗ್ಗೆ ಬೇಸರವಿದೆ. ಹಾಡುವ ಭಾಗವತರು ಪದ್ಯ ಮುಗಿಸುವುದೇ ತಡ, ಗುಹ ಗಂಟಲು ದಪ್ಪ ಮಾಡಿಕೊಂಡು ದೋಣಿ, ಹುಟ್ಟು, ಮೀನು ಎಂದು ಸಭೆಯನ್ನು ನಗಿಸುತ್ತಾನೆ. ಭರತನಿಗೆ ನಾಲ್ಕು ಬೈಗುಳ ಹಾಕುತ್ತಾನೆ. ಭರತ ಬಾಯಿ ತೆರೆದ ಕೂಡಲೇ ಕಾಲಿಗೆ ಬೀಳುತ್ತಾನೆ. ಎದುರು ಕುಳಿತ ಅರ್ಥಧಾರಿ ಮೆರೆಯುವುದಕ್ಕೆ ಒಂದು ಮೆಟ್ಟಿಲು, ಅಷ್ಟೆ.

ನನ್ನ ತೊಡಕು ಇಷ್ಟು. ಸಭೆಯಲ್ಲಿರುವ ಪ್ರತಿಯೊಬ್ಬರಿಗೂ ಭರತ ಒಳ್ಳೆಯವನೆಂದು ಮೊದಲೇ ಗೊತ್ತು. ಪಾದುಕೆಯನ್ನು ತಲೆಯ ಮೇಲೆ ಹೊತ್ತು ಹೋದವನನ್ನು ಸಣ್ಣ ಮಕ್ಕಳೂ ಬಲ್ಲರು. ಹೀಗಿರುವಾಗ ಅವನನ್ನು ಅನುಮಾನಿಸುವವರು ಯಾರೇ ಆಗಲಿ, ಕೇಳುವವರಿಗೆ ದಡ್ಡರಂತೆಯೇ ಕಾಣುತ್ತಾರೆ. ಕೌಸಲ್ಯೆ, ಗುಹ, ಲಕ್ಷ್ಮಣ ಸಾಲಾಗಿ ಬಂದು ತಪ್ಪು ತಿಳಿಯುತ್ತಾರೆ, ಸಾಲಾಗಿ ನಾಚಿಕೊಂಡು ಹೋಗುತ್ತಾರೆ. ಒಂದೇ ಮನೆಯ ಸುತ್ತ ಇಷ್ಟೊಂದು ಜನ ಒಬ್ಬ ಹುಡುಗನನ್ನು ಹೀಗೆ ತಪ್ಪು ತಿಳಿಯಬೇಕಾದರೆ ಅದಕ್ಕೊಂದು ಕಾರಣ ಇರಬೇಕಲ್ಲವೇ? ‘ವಿಧಿ’ ಎಂಬ ಉತ್ತರ ಮಾತ್ರ ಬೇಡ, ಅದನ್ನು ನಮ್ಮ ಕೂಟದ ಹಿರಿಯರು ಈಗಾಗಲೇ ಕೊಟ್ಟಿದ್ದಾರೆ.

ಹಗಲು ಹೊತ್ತು ಸಹಕಾರಿ ಸಂಘದಲ್ಲಿ ಸಾಲದ ಅರ್ಜಿಗಳನ್ನು ಪರಿಶೀಲಿಸುವವನು ನಾನು. ಅನುಮಾನ ಪಡುವುದು ದಡ್ಡರ ಕೆಲಸವಲ್ಲ ಎಂದು ಚೆನ್ನಾಗಿ ಬಲ್ಲೆ. ಗುಹನ ಅನುಮಾನವನ್ನು ಸಭೆಯೂ ಅರೆಗಳಿಗೆ ನಂಬುವಂತೆ ಹೇಳಲು ದಾರಿ ಇದೆಯೇ? ತಿಳಿದವರು ಹೇಳಬೇಕು.


ಉತ್ತರ: ಪೆರ್ಲದ ಮೇಷ್ಟ್ರು

ದಾರಿ ಇದೆ. ಪ್ರಸಂಗಪುಸ್ತಕವನ್ನು ಸ್ವಲ್ಪ ಹೊತ್ತು ಮಡಚಿಟ್ಟು ವಾಲ್ಮೀಕಿಯ ಅಯೋಧ್ಯಾಕಾಂಡ ತೆಗೆಯಿರಿ. (ಮುಂದೆ ನಾನು ಕೊಡುವ ಸರ್ಗ ಸಂಖ್ಯೆಗಳು ನಮ್ಮ ಕಡೆ ಬಳಕೆಯಲ್ಲಿರುವ ಪಾಠದ್ದು. ಸಂಶೋಧಿತ ಆವೃತ್ತಿ ಹಿಡಿದುಕೊಂಡು ಜಗಳಕ್ಕೆ ಬರಬೇಡಿ.) ಅದನ್ನು ಭಕ್ತರಾಗಿ ಓದಬೇಡಿ, ಗುಹನಾಗಿ ಓದಿ. ಅಂದರೆ ಗುಹನಿಗೆ ಎಷ್ಟು ಗೊತ್ತೋ ಅಷ್ಟನ್ನು ಮಾತ್ರ ತಲೆಯಲ್ಲಿಟ್ಟುಕೊಳ್ಳಿ.

ಏನು ಗೊತ್ತು ಅವನಿಗೆ? ನಾಳೆಯೋ ನಾಡಿದ್ದೋ ರಾಜನಾಗಬೇಕಿದ್ದ ತನ್ನ ಗೆಳೆಯ, ಹೆಂಡತಿಯೊಡನೆ ಶೃಂಗಿಬೇರಪುರದಲ್ಲಿ ಇಂಗುದಿ ಮರದ ಬುಡದಲ್ಲಿ ನೆಲದ ಮೇಲೆ ಮಲಗಿದ್ದನ್ನು ಕಣ್ಣಾರೆ ಕಂಡಿದ್ದಾನೆ. ತಾನು ಸಡಗರದಿಂದ ತಂದ ಊಟವನ್ನು ಆತ ಮುಟ್ಟದೆ, ‘ಕುದುರೆಗಳಿಗೆ ಮೇವು ಹಾಕಿಸಿದರೆ ಸಾಕು’ ಎಂದದ್ದನ್ನು ಕೇಳಿದ್ದಾನೆ. ಆ ರಾತ್ರಿ ಲಕ್ಷ್ಮಣ ಮಲಗಲಿಲ್ಲ. ಅವನ ಜೊತೆ ಎದ್ದು ಕುಳಿತವನು ಗುಹ. ತಂದೆ ಇನ್ನು ಬದುಕುವುದಿಲ್ಲ, ಆ ರಾಜಧಾನಿಯಲ್ಲಿ ಮುಂದೆ ಸುಖವಾಗಿ ಓಡಾಡುವವರು ಬೇರೆಯವರು ಎಂದು ಲಕ್ಷ್ಮಣ ಕೊರಗಿದ್ದು ಇವನ ಕಿವಿಯ ಹತ್ತಿರ. ಬೆಳಗ್ಗೆ ಆಲದ ಹಾಲು ತರಿಸಿ ಕೊಟ್ಟವನೂ ಇವನೇ. ಅದನ್ನು ಕೂದಲಿಗೆ ಹಚ್ಚಿಕೊಂಡು ರಾಮ ಜಟೆ ಕಟ್ಟಿಕೊಂಡದ್ದು ಇವನ ಎದುರಿನಲ್ಲೇ.

ಇಷ್ಟನ್ನು ಕಂಡವನ ಊರಿನ ಎದುರು ಒಂದು ದಿನ ಸಮುದ್ರದಂತಹ ಸೈನ್ಯ ಬಂದು ನಿಲ್ಲುತ್ತದೆ. ಮುಂದೆ ರಥದ ಮೇಲೆ ಕೋವಿದಾರ ಧ್ವಜ, ಅಯೋಧ್ಯೆಯ ಅರಸುಮನೆಯ ಬಾವುಟ. ನಿಮ್ಮ ಅರ್ಥದ ಪೀಠಿಕೆಯಲ್ಲಿ ಒಂದೇ ಒಂದು ಪ್ರಶ್ನೆ ಎತ್ತಿ: ಕ್ಷಮೆ ಕೇಳಲು ಬರುವವನು ಆನೆ ಕುದುರೆ ಕಟ್ಟಿಕೊಂಡು ಏಕೆ ಬರುತ್ತಾನೆ? ಇದನ್ನು ಕೇಳಿದ ಮೇಲೆ ಸಭೆ ನಗುವುದಿಲ್ಲ, ನೋಡಿ. ಏಕೆಂದರೆ ಇದಕ್ಕೆ ಸಭೆಯ ಬಳಿಯೂ ಥಟ್ಟನೆ ಉತ್ತರವಿಲ್ಲ. ಭರತನ ಲೆಕ್ಕದಲ್ಲಿ ಅದು ಅಣ್ಣನಿಗೆ ಮರ್ಯಾದೆ. ಅಭಿಷೇಕದ ಸಾಮಗ್ರಿಯನ್ನೂ ಸೈನ್ಯವನ್ನೂ ಕೊಂಡೊಯ್ದು, ಕಾಡಿನಲ್ಲೇ ಅವನನ್ನು ರಾಜನನ್ನಾಗಿ ಮಾಡಿ ಕರೆತರಬೇಕೆಂದು ಹೊರಟವನು ಅವನು. ದೂರದಿಂದ ನೋಡುವವನಿಗೆ ಮರ್ಯಾದೆಯ ಸೈನ್ಯವೂ ಕೊಲ್ಲುವ ಸೈನ್ಯವೂ ಎಬ್ಬಿಸುವ ಧೂಳು ಒಂದೇ.

ಇನ್ನು ಗುಹನ ಬುದ್ಧಿವಂತಿಕೆಗೆ ಬನ್ನಿ. 84ನೆಯ ಸರ್ಗದಲ್ಲಿ ಅವನು ಬೈಯುತ್ತಾ ಕೂರುವುದಿಲ್ಲ, ವ್ಯವಸ್ಥೆ ಮಾಡುತ್ತಾನೆ. 500 ದೋಣಿ, ಒಂದೊಂದರಲ್ಲಿ ಆಯುಧ ಹಿಡಿದ 100 ಮಂದಿ ತರುಣರು, ಗಂಗೆಯ ದಡದಲ್ಲಿ ಸಜ್ಜು. ಭರತನ ಮನಸ್ಸು ರಾಮನ ವಿಷಯದಲ್ಲಿ ಸರಿಯಿದ್ದರೆ ಮಾತ್ರ ಈ ಸೈನ್ಯ ಇಂದು ಗಂಗೆ ದಾಟುತ್ತದೆ ಎನ್ನುತ್ತಾನೆ. ಅದಾದ ಮೇಲೆ ಮೀನು, ಮಾಂಸ, ಜೇನು ಕಾಣಿಕೆಯಾಗಿ ಹಿಡಿದುಕೊಂಡು ತಾನೇ ಭರತನ ಎದುರಿಗೆ ಹೋಗುತ್ತಾನೆ. ನೀವು ಹೇಳಿದ ಆ ಮೀನು ನಗಿಸುವುದಕ್ಕೆ ಇರುವುದಲ್ಲ ಸ್ವಾಮಿ. ಒಂದು ಕೈಯಲ್ಲಿ ಅತಿಥಿ ಸತ್ಕಾರ, ಬೆನ್ನ ಹಿಂದೆ ಐವತ್ತು ಸಾವಿರ ಮಂದಿ. ಭರದ್ವಾಜರ ಆಶ್ರಮಕ್ಕೆ ದಾರಿ ಯಾವುದೆಂದು ಭರತ ವಿಚಾರಿಸಿದಾಗ, ದಾರಿ ತೋರಿಸಲು ಒಪ್ಪಿಕೊಂಡೇ ಗುಹ ನೇರವಾಗಿ ಕೇಳಿಬಿಡುತ್ತಾನೆ: ರಾಮನಿಗೆ ಕೇಡು ಬಗೆದು ಹೊರಟಿಲ್ಲ ತಾನೇ? ನಿನ್ನ ಈ ದೊಡ್ಡ ಸೈನ್ಯ ನೋಡಿ ನನಗೆ ಶಂಕೆಯಾಗುತ್ತಿದೆ.

ನಾನು ಹೇಳಬೇಕೆಂದಿರುವುದು ಇದನ್ನೇ. ಇಡೀ ಕಥೆಯಲ್ಲಿ ಭರತನನ್ನು ಹೀಗೆ ಮುಖಕ್ಕೆ ಮುಖ ಕೊಟ್ಟು ಕೇಳಿದವರು ಇಬ್ಬರು. ಒಬ್ಬ ನಿಷಾದರ ಒಡೆಯ, ಇನ್ನೊಬ್ಬರು ಮುಂದೆ ಸಿಗುವ ಭರದ್ವಾಜ ಮುನಿ. ಇಬ್ಬರೂ ಹೊರಗಿನವರು. ಮನೆಯವರಲ್ಲಿ ಒಬ್ಬರೂ ಕೇಳಲಿಲ್ಲ. ದಶರಥ ಕೇಳಲಿಲ್ಲ, ಅವನಿಲ್ಲದ ಹೊತ್ತು ನೋಡಿ ಮುಹೂರ್ತ ಇಟ್ಟ. ಕೈಕೇಯಿ ಕೇಳಲಿಲ್ಲ, ಅವನಿಗಾಗಿ ವರ ಬೇಡಿದಳು. ಕೌಸಲ್ಯೆ ಕೇಳಲಿಲ್ಲ, ‘ನಿನಗೆ ಬೇಕಿದ್ದ ರಾಜ್ಯ ಮುಳ್ಳಿಲ್ಲದೆ ಸಿಕ್ಕಿತಲ್ಲ’ ಎಂದು ಚುಚ್ಚಿದಳು. ಲಕ್ಷ್ಮಣ ಕೇಳಲಿಲ್ಲ, ಮರ ಹತ್ತಿ ನೋಡಿ ಬಾಣ ತೆಗೆಯಬೇಕೆಂದ. ಮನೆಯೊಳಗಿನವರಿಗೆ ಕೇಳುವ ಅಗತ್ಯವೇ ಕಾಣುವುದಿಲ್ಲ, ತಮ್ಮ ಹುಡುಗ ತಮಗೆ ಗೊತ್ತು ಎಂಬ ಧೈರ್ಯ. ಗುಹನಿಗೆ ಆ ಧೈರ್ಯವಿಲ್ಲ, ಅದಕ್ಕೇ ಅವನು ಅರ್ಧ ಗಳಿಗೆಯಲ್ಲಿ ನಿಜ ತಿಳಿದುಕೊಂಡ.

ಇನ್ನೊಂದು ವಿಷಯ ಗಮನಿಸಿ. ಅಯೋಧ್ಯಾಕಾಂಡದಲ್ಲಿ ಭರತ ಬಾಯಿ ತೆರೆಯುವುದು 69ನೆಯ ಸರ್ಗದಲ್ಲಿ, ಸೋದರಮಾವನ ಊರಿನಲ್ಲಿ, ಕೆಟ್ಟ ಕನಸನ್ನು ಗೆಳೆಯರಿಗೆ ಹೇಳುವಾಗ. ಅಲ್ಲಿಯವರೆಗೆ ಅವನ ಬಗ್ಗೆ ಎಲ್ಲರೂ ಮಾತನಾಡಿದ್ದಾರೆ. ತಂದೆ ಮಾತನಾಡಿದ್ದಾನೆ, ಮಂಥರೆ ಮಾತನಾಡಿದ್ದಾಳೆ, ಕಟುಕನ ಕೈಗೆ ಸಿಕ್ಕ ಪಶುಗಳಂತಾದೆವು ಎಂದು ಊರಿನ ಹೆಂಗಸರು ಅತ್ತಿದ್ದಾರೆ. ಅವನು ಮಾತ್ರ ಅಲ್ಲಿಲ್ಲ. ಕರೆಯಲು ಹೋದ ದೂತರಿಗೂ ಏನನ್ನೂ ಬಾಯಿ ಬಿಡಬಾರದೆಂದು ವಸಿಷ್ಠರ ಕಟ್ಟಪ್ಪಣೆ. ಹುಡುಗ ಊರು ಮುಟ್ಟುವ ಮೊದಲೇ ಅವನ ತೀರ್ಪು ಬರೆದಾಗಿತ್ತು.


ಉತ್ತರ: ಮಹಿಳಾ ಕೂಟ, ಪುತ್ತೂರು

ಮೇಷ್ಟ್ರೇ, ‘ಮನೆಯವರು ಕೇಳಲಿಲ್ಲ’ ಎಂದು ಒಂದೇ ಪಟ್ಟಿಯಲ್ಲಿ ದಶರಥನನ್ನೂ ಕೈಕೇಯಿಯನ್ನೂ ಕೂರಿಸಿಬಿಟ್ಟಿರಲ್ಲ, ಅದಕ್ಕೆ ನನ್ನ ತಕರಾರು ಇದೆ. ನಾನು ಕೈಕೇಯಿ ಹೇಳುವವಳು. ಆ ಹೆಣ್ಣಿನ ಪರವಾಗಿ ಮಾತನಾಡುವವರು ಈ ಜಗತ್ತಿನಲ್ಲಿ ನಾವು ಅರ್ಥಧಾರಿಗಳು ಮಾತ್ರ, ಆದ್ದರಿಂದ ಸ್ವಲ್ಪ ಸಹಿಸಿಕೊಳ್ಳಿ.

ಮಂಥರೆ ಸುದ್ದಿ ತಂದಾಗ ಕೈಕೇಯಿ ಮಾಡಿದ್ದೇನು? ಸಂತೋಷಪಟ್ಟು ಮೈಮೇಲಿನ ಒಡವೆ ತೆಗೆದು ಕೊಟ್ಟಳು. ರಾಮ, ಭರತ ಎಂಬ ಭೇದ ನನಗಿಲ್ಲ ಎಂದಳು. ಅದು ನಾಟಕವಲ್ಲ. ನಾಟಕವಾಡಲು ಅಲ್ಲಿ ಬೇರೆ ಯಾರೂ ಇರಲಿಲ್ಲ. ಅವಳನ್ನು ತಿರುಗಿಸಿದ್ದು ಆಸೆಯಲ್ಲ, ಭಯ. ‘ಗಂಡನ ಮುದ್ದಿನ ಹೆಂಡತಿಯೆಂಬ ಸೊಕ್ಕಿನಲ್ಲಿ ನೀನು ಕೌಸಲ್ಯೆಯನ್ನು ಕಡೆಗಣಿಸಿದ್ದೀಯೆ, ನಾಳೆ ರಾಜಮಾತೆಯಾದಾಗ ಅವಳು ಸೇಡು ತೀರಿಸದೆ ಬಿಡುತ್ತಾಳೆಯೇ’ ಎಂಬ ಮಂಥರೆಯ ಮಾತು ತಗಲಿದ್ದು ಎದೆಗೆ. ಕಡೆಗಣಿಸಿದ್ದು ನಿಜವೇ ಆಗಿತ್ತಲ್ಲ! ಕೈಕೇಯಿಯ ಸೇವಕಿಯರಿಗಿಂತ ಕೀಳಾಗಿ ಬದುಕಿದ್ದೇನೆ ಎಂದು ಕೌಸಲ್ಯೆಯೇ ರಾಮನ ಮುಂದೆ ಅಳುತ್ತಾಳೆ, 20ನೆಯ ಸರ್ಗ ನೋಡಿ. ತಾನು ಕೊಟ್ಟ ನೋವಿನ ಅಳತೆಯಿಂದಲೇ ಕೈಕೇಯಿ ಕೌಸಲ್ಯೆಯನ್ನು ಅಳೆದಳು.

ಆ ಭಯಕ್ಕೆ ಸಾಕ್ಷಿ ಒದಗಿಸಿದವನು ದಶರಥ. 4ನೆಯ ಸರ್ಗದಲ್ಲಿ ರಾಮನನ್ನು ಒಳಗೆ ಕರೆದು ಅವನು ಹೇಳುವುದೇನು? ಭರತ ಊರಿನಲ್ಲಿ ಇಲ್ಲದಿರುವಾಗಲೇ ನಿನ್ನ ಪಟ್ಟಾಭಿಷೇಕ ಆಗಿಬಿಡಬೇಕು. ಅವನು ಒಳ್ಳೆಯವನೇ, ಆದರೂ ಮನುಷ್ಯರ ಮನಸ್ಸು ನಿಲ್ಲುವುದಲ್ಲ. ಅವಸರದ ನೆಪದಲ್ಲಿ ಕೈಕೇಯಿಯ ತವರಿನ ಕೇಕಯ ರಾಜನಿಗೆ ಆಹ್ವಾನವಿಲ್ಲ. ಜನಕನಿಗೂ ಇಲ್ಲ, ಅದು ಬೇರೆ ಮಾತು. ಒಬ್ಬ ಮಗ ಮುಂಬೈಯಲ್ಲಿ ಇರುವಾಗ, ಅವನ ತಾಯಿಗೂ ತಿಳಿಸದೆ, ನಾಳೆ ಬೆಳಗ್ಗೆ ಉಪನೋಂದಣಿ ಕಚೇರಿಯಲ್ಲಿ ಆಸ್ತಿಪತ್ರ ಎಂದು ಮನೆಕೆಲಸದವಳ ಬಾಯಿಂದ ಗೊತ್ತಾದರೆ, ನೀವಾದರೂ ಏನೆಂದುಕೊಳ್ಳುತ್ತೀರಿ?

ದಶರಥನಿಗೆ ಆ ಅವಸರ ಏಕಿತ್ತೆಂಬುದು ಹೊರಬೀಳುವುದು ಬಹಳ ತಡವಾಗಿ, ಚಿತ್ರಕೂಟದಲ್ಲಿ. ನಿನ್ನ ತಾಯಿಯನ್ನು ಮದುವೆಯಾಗುವಾಗ ರಾಜ್ಯವನ್ನೇ ಕನ್ಯಾಶುಲ್ಕವಾಗಿ ಕೊಡುವೆನೆಂದು ತಂದೆ ನಿನ್ನ ಅಜ್ಜನಿಗೆ ಮಾತು ಕೊಟ್ಟಿದ್ದ ಎಂದು ರಾಮನೇ ಭರತನಿಗೆ ಹೇಳುತ್ತಾನೆ (107ನೆಯ ಸರ್ಗ). ದಶರಥ ಭರತನಲ್ಲಿ ಕಂಡದ್ದು ಭರತನ ಆಸೆಯನ್ನಲ್ಲ, ತಾನು ನಡೆಸಿಕೊಡದ ಮಾತನ್ನು. ಈ ಒಂದು ಪದರವನ್ನು ಮುಟ್ಟದೆ ಕೈಕೇಯಿಯನ್ನು ಬೈದು ಚಪ್ಪಾಳೆ ಗಿಟ್ಟಿಸುವ ಭರತರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮಗನ ವಿಷಯದಲ್ಲಿ ಮಾತ್ರ ಅವಳು ಸೋತದ್ದು ಪೂರ್ತಿ ನಿಜ. ಅವನು ಬಂದು ತಂದೆಯೆಲ್ಲಿ ಎಂದು ಕೇಳಿದಾಗ, ಸಿಹಿಸುದ್ದಿ ಹೇಳುವಂತೆ ಹೇಳುತ್ತಾಳೆ. ಅವಳ ತಪ್ಪು ತಿಳಿವಳಿಕೆಗೆ ದ್ವೇಷದ ಸೋಂಕೇ ಇಲ್ಲ, ಬರಿಯ ಪ್ರೀತಿ. ಅದನ್ನು ಹೇಳುವುದು ಲಕ್ಷ್ಮಣನ ಕೋಪ ಹೇಳುವುದಕ್ಕಿಂತ ಬಹಳ ಕಷ್ಟ.


ಉತ್ತರ: ಒಗ್ಗರಣೆ ವೆಂಕಟರಮಣ

ಎಲ್ಲರೂ ಸೇರಿ ಭರತ ಮತ್ತು ರಾಮ ಇಬ್ಬರನ್ನೂ ತೊಳೆದು ಮಡಿ ಮಾಡುತ್ತಿದ್ದೀರಿ. ತಾಯಿಯ ಬಾಯಿಂದ ರಾಮ ಕಾಡಿಗೆ ಹೋದನೆಂದು ಕೇಳಿದ ತಕ್ಷಣ ಭರತನ ಮೊದಲ ಪ್ರಶ್ನೆ ಯಾವುದು? ಅವನು ಬ್ರಾಹ್ಮಣರ ಹಣ ಕದ್ದನೇ, ನಿರಪರಾಧಿಗಳನ್ನು ಹಿಂಸಿಸಿದನೇ, ಪರಸ್ತ್ರೀಯನ್ನು ಬಯಸಿದನೇ? ಅಣ್ಣನ ಮೇಲೆ ಅಷ್ಟು ನಂಬಿಕೆ ಇದ್ದವನು ಇದನ್ನು ಏಕೆ ಕೇಳಬೇಕಿತ್ತು?

ರಾಮನಾದರೋ, ಹೊರಡುವ ಮೊದಲು ಸೀತೆಗೆ ಎಚ್ಚರಿಸುತ್ತಾನೆ: ಭರತನ ಮುಂದೆ ನನ್ನನ್ನು ಹೊಗಳಬೇಡ, ಐಶ್ವರ್ಯ ಬಂದವರು ಬೇರೆಯವರ ಹೊಗಳಿಕೆ ಸಹಿಸುವುದಿಲ್ಲ. ಗಂಗೆ ದಾಟಿದ ಮೊದಲ ರಾತ್ರಿ (53ನೆಯ ಸರ್ಗ) ಲಕ್ಷ್ಮಣನ ಮುಂದೆ, ಭರತ ಒಬ್ಬನೇ ಹೆಂಡತಿಯೊಡನೆ ಕೋಸಲವನ್ನು ಸುಖವಾಗಿ ಅನುಭವಿಸುತ್ತಾನೆ ಎನ್ನುತ್ತಾನೆ, ಕೈಕೇಯಿ ನಮ್ಮ ತಾಯಂದಿರಿಗೆ ವಿಷ ಹಾಕಿಯಾಳು ಎನ್ನುತ್ತಾನೆ. ಯುದ್ಧವೆಲ್ಲ ಮುಗಿದು ಮರಳುವಾಗಲೂ ಹನುಮಂತನನ್ನು ಮುಂದಾಗಿ ನಂದಿಗ್ರಾಮಕ್ಕೆ ಕಳಿಸಿ, ನನ್ನ ಬರವಿನ ಸುದ್ದಿ ಕೇಳಿದಾಗ ಭರತನ ಮುಖದ ಬಣ್ಣ, ನೋಟ, ಮಾತು ಹೇಗಿರುತ್ತದೆಂದು ನೋಡಿಕೊಂಡು ಬಾ, ಪಿತ್ರಾರ್ಜಿತ ರಾಜ್ಯ ಯಾರ ಮನಸ್ಸನ್ನು ತಿರುಗಿಸುವುದಿಲ್ಲ ಎಂದು ಹೇಳಿ ಕಳಿಸುತ್ತಾನೆ. 14 ವರ್ಷ ಪಾದುಕೆ ಕಾಯ್ದವನ ಬಗ್ಗೆ ಈ ಮಾತು! ಇದನ್ನು ಕೂಟದಲ್ಲಿ ಹೇಳುವ ಒಬ್ಬ ರಾಮನನ್ನು ತೋರಿಸಿ, ನಾನೇ ಕರೆಸಿ ಸನ್ಮಾನ ಮಾಡುತ್ತೇನೆ.


ಉತ್ತರ: ಪೆರ್ಲದ ಮೇಷ್ಟ್ರು

ವೆಂಕಟರಮಣರೇ, ನಿಮ್ಮ ಸನ್ಮಾನದ ಹಣ ಉಳಿಯಿತು ಎಂದುಕೊಳ್ಳಿ. 53ನೆಯ ಸರ್ಗವನ್ನು ಎಲ್ಲರೂ ಹಾರಿಸುತ್ತಾರೆ ಎಂಬುದು ಒಪ್ಪತಕ್ಕ ಮಾತು. ಆದರೆ ಅದನ್ನು 97ರ ಪಕ್ಕದಲ್ಲಿಟ್ಟು ಓದಬೇಕು.

ಚಿತ್ರಕೂಟದಲ್ಲಿ ಲಕ್ಷ್ಮಣ ಹೂಬಿಟ್ಟ ಸಾಲವೃಕ್ಷ ಹತ್ತಿ ನೋಡುತ್ತಾನೆ. ಅದೇ ಕೋವಿದಾರ ಧ್ವಜ. ನೆನಪಿಡಿ, ಅದು ಅವನದೇ ಮನೆಯ ಧ್ವಜ. ಗುಹ ಹೆದರಿದ್ದು ಪರರ ಬಾವುಟಕ್ಕೆ, ಲಕ್ಷ್ಮಣ ರೊಚ್ಚಿಗೆದ್ದದ್ದು ತನ್ನ ಮನೆಯ ಬಾವುಟಕ್ಕೆ. ನಮ್ಮನ್ನು ಕೊಂದು ರಾಜ್ಯವನ್ನು ಗಟ್ಟಿಮಾಡಿಕೊಳ್ಳಲು ಬಂದಿದ್ದಾನೆ, ಕೊಲ್ಲುತ್ತೇನೆ ಎನ್ನುತ್ತಾನೆ. ಆಗ ರಾಮ ಬುದ್ಧಿವಾದ ಹೇಳಿ, ಕೊನೆಗೆ ಒಂದು ಚುಚ್ಚು ಮಾತು ಆಡುತ್ತಾನೆ: ನಿನಗೆ ರಾಜ್ಯ ಬೇಕಾಗಿದ್ದರೆ ಹೇಳು, ಭರತ ಬಂದ ಕೂಡಲೇ ‘ಇವನಿಗೆ ಕೊಟ್ಟುಬಿಡು’ ಎನ್ನುತ್ತೇನೆ, ಅವನು ಆಗಲಿ ಎನ್ನುತ್ತಾನೆ.

ಲಕ್ಷ್ಮಣ ನಾಚಿಕೆಯಿಂದ ತನ್ನ ಮೈಯೊಳಗೇ ಹೊಕ್ಕವನಂತಾದ ಎನ್ನುತ್ತಾನೆ ವಾಲ್ಮೀಕಿ. ಆ ನಾಚಿಕೆಯಲ್ಲಿ ಏನಾದರೂ ಮಾತನಾಡಬೇಕಲ್ಲ, ‘ಬಹುಶಃ ತಂದೆಯೇ ನಿನ್ನನ್ನು ನೋಡಲು ಬಂದಿರಬೇಕು’ ಎಂದುಬಿಡುತ್ತಾನೆ. ತಮ್ಮ ಕುಗ್ಗಿದ್ದು ಕಂಡು ರಾಮನೂ ಹೌದು, ನನಗೂ ಹಾಗೇ ಅನ್ನಿಸುತ್ತದೆ ಎಂದು ಮಾತು ತೇಲಿಸುತ್ತಾನೆ. ತಂದೆಯ ಬಿಳಿಯ ಕೊಡೆ ಮಾತ್ರ ಕಾಣುತ್ತಿಲ್ಲವಲ್ಲ ಎಂದು ಶಂಕಿಸುತ್ತಾನೆ. ಆ ಹೊತ್ತಿಗೆ ದಶರಥ ಸತ್ತು ಕರ್ಮಾಂತರವೂ ಮುಗಿದಿದೆ. ಜಗಳ ಮುಚ್ಚಲು ಅಣ್ಣತಮ್ಮಂದಿರು ಆಡಿಕೊಂಡ ಮಾತಿನ ಹಿಂದೆ ಅಷ್ಟು ದೊಡ್ಡ ಸಾವು ನಿಂತಿದೆ, ಅವರಿಗೆ ತಿಳಿಯದು. ಇಂತಹ ಜಾಗವನ್ನು ಬಿಟ್ಟು ನಮ್ಮ ಲಕ್ಷ್ಮಣರು ಬರಿಯ ಬಿಲ್ಲಿನ ಠೇಂಕಾರದಲ್ಲಿ ಹೊತ್ತು ಕಳೆಯುತ್ತಾರೆ.

ನನ್ನ ತಿಳಿವಳಿಕೆ ಇಷ್ಟೆ. 53ರ ಕತ್ತಲಿನಲ್ಲಿ ತಾನೇ ಆಡಿದ ಮಾತನ್ನು ರಾಮ ಹಗಲಿನಲ್ಲಿ ತಮ್ಮನ ಬಾಯಿಂದ ಕೇಳಿದ. ಕೇಳಿದ ಮೇಲೆ ಅದರ ವಿಕಾರ ಕಂಡಿತು. ಆ ಚುಚ್ಚುಮಾತಿನ ಅರ್ಧ ಲಕ್ಷ್ಮಣನಿಗೆ, ಅರ್ಧ ತನಗೇ. ಹನುಮಂತನನ್ನು ಕಳಿಸಿದ್ದಕ್ಕೆ ರಾಜನೀತಿ ಎಂಬ ಸಮರ್ಥನೆ ಇದೆ. ನನಗೆ ಅದು ಪೂರ್ತಿ ಹಿಡಿಸುವುದಿಲ್ಲ, ನಿಮ್ಮ ಕಡೆಗೇ ವಾಲುತ್ತೇನೆ. ಭರತ ಕೇಳಿದ ಪ್ರಶ್ನೆಗಳ ವಿಷಯದಲ್ಲಿ ವಾಲುವುದಿಲ್ಲ. ಗಡೀಪಾರಿಗೆ ಕಾರಣ ಬೇಕು, ಯಾವ ಕಾರಣವೂ ಅಣ್ಣನಿಗೆ ಹೊಂದುವುದಿಲ್ಲ, ಆದರೂ ತಂದೆ ಅನ್ಯಾಯ ಮಾಡಿಯಾನೆಂದು ನಂಬಲಾಗುವುದಿಲ್ಲ. ಒಬ್ಬರನ್ನು ನಂಬಿದರೆ ಇನ್ನೊಬ್ಬರನ್ನು ಶಂಕಿಸಲೇಬೇಕಾದ ಇಕ್ಕಟ್ಟು ಅದು. ಮಹಿಳಾ ಕೂಟದವರೇ, ದಶರಥನ ವಿಷಯದಲ್ಲಿ ನೀವು ಹೇಳಿದ್ದಕ್ಕೆ ನನ್ನ ಎದುರುಮಾತಿಲ್ಲ.


ಪಯಸ್ವಿನಿ ದಡ

ಎಲ್ಲರಿಗೂ ವಂದನೆ. ಗುಹನಿಗೆ ನಗೆಮಾತು ಹೇಳುವುದಿಲ್ಲ ಎಂದು ನಿನ್ನೆ ಕೂಟದಲ್ಲಿ ಹೇಳಿಬಿಟ್ಟೆ. ಹಾಗಾದರೆ ಸಭೆ ತೂಕಡಿಸೀತು ಎಂದು ಭಾಗವತರು ಗೊಣಗಿದರು. 500 ದೋಣಿಯ ವಿಷಯ ಹೇಳಿದ ಮೇಲೆ ಅವರೇ ಮದ್ದಳೆಯವರ ಕಡೆ ತಿರುಗಿ, ಅಲ್ಲಿಗೆ ಸ್ವಲ್ಪ ಏರು ಬೇಕು ಎಂದರು. ಭರತನ ಅರ್ಥ ಹೇಳುವವರು ಮಾತ್ರ ಮುಖ ಗಂಟಿಕ್ಕಿಕೊಂಡಿದ್ದಾರೆ. ‘ಸೈನ್ಯ ಏಕೆ ತಂದೆ’ ಎಂದು ಕೇಳಿದರೆ ಉತ್ತರ ಸಿದ್ಧವಿಲ್ಲವಂತೆ.


ಪೆರ್ಲದ ಮೇಷ್ಟ್ರು

ಸಿದ್ಧ ಮಾಡಿಕೊಳ್ಳಲಿ. ಪ್ರಶ್ನೆಯನ್ನು ಮುಂಚಿತವಾಗಿ ಅವರಿಗೆ ತಿಳಿಸಿದ್ದು ನಿಮ್ಮ ದೊಡ್ಡತನ. ನಮ್ಮ ಕಾಲದಲ್ಲಿ ಅದನ್ನು ಸಭೆಯಲ್ಲೇ ಎಸೆಯುತ್ತಿದ್ದೆವು. ಕೂಟ ಯಾವ ದಿನ, ಎಲ್ಲಿ ಎಂದು ಬರೆಯಿರಿ. ಕೊನೆಯ ಬಸ್ಸು ಸಿಗುವಂತಿದ್ದರೆ ಬರುತ್ತೇನೆ.